ಹಳೆಯ ವಿಡಿಯೋ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಬ್ರಹ್ಮಾವರದ ಸದಸ್ಯರು): ನಮ್ಮ ಮನೆಯಲ್ಲಿ ತೊಂಬತ್ತರ ದಶಕದ ಕೆಲವು ವಿ.ಎಚ್.ಎಸ್. ಕ್ಯಾಸೆಟ್‌ಗಳಿವೆ. ಅಕ್ಕನ ಮದುವೆ, ಗೃಹಪ್ರವೇಶ, ಮತ್ತು ಅಜ್ಜ ಹರಕೆ ಹೊತ್ತು ಆಡಿಸಿದ ಒಂದು ಬಯಲಾಟ ಅವುಗಳಲ್ಲಿವೆ. ಅಗ್ಗದ ಯು.ಎಸ್.ಬಿ. ಕ್ಯಾಪ್ಚರ್ ಸಾಧನವೊಂದನ್ನು ತರಿಸಿ ಪ್ರಯತ್ನಿಸಿದೆ. ಚಿತ್ರದ ಮೇಲಂಚು ಬಾಗಿ ಬಳುಕುತ್ತದೆ, ನಡುನಡುವೆ ಪರದೆ ನೀಲಿಯಾಗುತ್ತದೆ, ಒಂದು ಗಂಟೆ ಕಳೆಯುವಷ್ಟರಲ್ಲಿ ವೇಷಧಾರಿ ಹೆಜ್ಜೆ ಹಾಕಿ ಮುಗಿದ ಮೇಲೆ ಚೆಂಡೆ ಕೇಳಿಸತೊಡಗುತ್ತದೆ. ದುಬಾರಿ ಕಾರ್ಡ್ ಕೊಂಡರೆ ಇದು ಸರಿಹೋಗುತ್ತದೆಯೇ?

ಉತ್ತರ: ಬಹುಮಟ್ಟಿಗೆ ಇಲ್ಲ. ಈ ಕೆಲಸದಲ್ಲಿ ಹಣ ಹಾಕಬೇಕಾದದ್ದು ಮೊದಲು ಕ್ಯಾಸೆಟ್ಟಿನ ಶುಚಿಗೆ, ಆಮೇಲೆ ಪ್ಲೇಯರಿಗೆ, ಅದರ ನಂತರ ಸಿಗ್ನಲನ್ನು ಸ್ಥಿರಗೊಳಿಸುವ ಸಾಧನಕ್ಕೆ. ಕಾರ್ಡಿನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ನೀವು ಹೇಳಿದ ಮೂರೂ ತೊಂದರೆಗಳ ಮೂಲ ಒಂದೇ. ವಿ.ಸಿ.ಆರ್. ಒಳಗಿನ ಡ್ರಮ್ಮು ನಮ್ಮ ದೇಶದ ಟಿ.ವಿ.ಗಳ ಪಾಲ್ ಎಂಬ ಪದ್ಧತಿಯಲ್ಲಿ ಸೆಕೆಂಡಿಗೆ 25 ಸುತ್ತು, ಅಂದರೆ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಮೇಲಿನ ಎರಡು ಹೆಡ್‌ಗಳು ಸರದಿಯ ಪ್ರಕಾರ, ಫ್ರೇಮಿನ (ಒಂದು ಪೂರ್ಣ ಚಿತ್ರದ) ಅರ್ಧ ಗೆರೆಗಳಿರುವ ಒಂದೊಂದು ಫೀಲ್ಡ್‌ನಂತೆ ಸೆಕೆಂಡಿಗೆ 50 ಫೀಲ್ಡ್‌ಗಳನ್ನು ಓದುತ್ತವೆ. ಪ್ರತಿಯೊಂದು ಗೆರೆಯೂ ಸರಿಯಾಗಿ 64 ಮೈಕ್ರೋಸೆಕೆಂಡುಗಳಷ್ಟಿರಬೇಕು. ಆದರೆ ಮೂವತ್ತು ವರ್ಷ ಹಳೆಯ ಟೇಪು ಹಿಗ್ಗಿರುತ್ತದೆ, ಪ್ಲೇಯರಿನ ರಬ್ಬರ್ ರೋಲರು ಗಟ್ಟಿಯಾಗಿರುತ್ತದೆ, ಟೇಪಿನ ಎಳೆತ ಏರುಪೇರಾಗುತ್ತದೆ; ಆದ್ದರಿಂದ ಗೆರೆಗಳ ಅವಧಿ ಒಂದಕ್ಕಿಂತ ಒಂದು ಅತ್ತಿತ್ತ ಆಗುತ್ತದೆ. ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾಗುವುದು ಚಿತ್ರದ ತಳದಂಚಿನಲ್ಲಿಯಾದ್ದರಿಂದ, ಆ ಜಿಗಿತದ ಪರಿಣಾಮ ಮುಂದಿನ ಫೀಲ್ಡಿನ ಮೇಲಂಚಿನಲ್ಲಿ ಬಳುಕಾಗಿ ಕಾಣಿಸಿಕೊಳ್ಳುತ್ತದೆ. ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ. ಇದನ್ನೆಲ್ಲ ಸಹಿಸಿಕೊಂಡು ಹೋಗುತ್ತಿತ್ತು. ಕ್ಯಾಪ್ಚರ್ ಕಾರ್ಡಿಗೆ ಆ ಸಹನೆಯಿಲ್ಲ. ಲಯ ತಪ್ಪಿದಲ್ಲಿ ಅದು ಫ್ರೇಮನ್ನೇ ಬಿಟ್ಟುಬಿಡುತ್ತದೆ ಅಥವಾ ಸಿಗ್ನಲ್ ಇಲ್ಲವೆಂದು ನೀಲಿ ಪರದೆ ತೋರಿಸುತ್ತದೆ. ಧ್ವನಿಯಾದರೋ ಬೇರೊಂದು ಗಡಿಯಾರದ ಲೆಕ್ಕದಲ್ಲಿ ಎಡೆಬಿಡದೆ ದಾಖಲಾಗುತ್ತಿರುತ್ತದೆ. ಹೀಗೆ ಬಿಟ್ಟುಹೋದ ಫ್ರೇಮುಗಳು ಒಟ್ಟುಗೂಡಿದಂತೆಲ್ಲ ಚಿತ್ರ ಮುಂದೋಡಿ, ನಿಮ್ಮ ಚೆಂಡೆ ಹಿಂದುಳಿಯುತ್ತದೆ.

ಇದಕ್ಕೆ ಪರಿಹಾರವೆಂದರೆ ಟೈಮ್ ಬೇಸ್ ಕರೆಕ್ಟರ್, ಅಂದರೆ ಟಿ.ಬಿ.ಸಿ. ಅದು ಬಂದ ಗೆರೆಗಳನ್ನು ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು ಸಮನಾದ ಅವಧಿಯಲ್ಲಿ ಹೊರಗೆ ಬಿಡುತ್ತದೆ. ಟಿ.ಬಿ.ಸಿ. ಒಳಗೇ ಇರುವ ಎಸ್-ವಿ.ಎಚ್.ಎಸ್. (ಮೇಲ್ದರ್ಜೆಯ ವಿ.ಎಚ್.ಎಸ್.) ಡೆಕ್ಕುಗಳು ನಮ್ಮ ಕಡೆ ಅಪರೂಪ. ಕೈಗೆಟುಕುವ ದಾರಿಯೆಂದರೆ ಹಳೆಯ ಡಿ.ವಿ.ಡಿ. ರೆಕಾರ್ಡರ್, ಪ್ಲೇಯರ್ ಅಲ್ಲ, ರೆಕಾರ್ಡರ್. ಪ್ಯಾನಸಾನಿಕ್‌ನ ಇ.ಎಸ್.10 ಮತ್ತು ಇ.ಎಸ್.15 ಮಾದರಿಗಳು ಈ ಕೆಲಸಕ್ಕೆ ಹೆಸರಾದವು. ಡಿಸ್ಕಿನ ಗೊಡವೆಯೇ ಬೇಡ. ವಿ.ಸಿ.ಆರ್.ನಿಂದ ಅದರ ಇನ್‌ಪುಟ್ಟಿಗೆ, ಅದರ ಎಸ್-ವಿಡಿಯೋ ಔಟ್‌ಪುಟ್ಟಿನಿಂದ ಕಾರ್ಡಿಗೆ ಕೊಟ್ಟರೆ ಸಾಕು, ದಾರಿಯಲ್ಲೇ ಸಿಗ್ನಲ್ ನೆಟ್ಟಗಾಗುತ್ತದೆ. ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಹಳೆಯ ಟಿ.ವಿ. ರಿಪೇರಿ ಮಾಡುವವರ ಹಿಂಕೋಣೆಯಲ್ಲಿ ಇಂಥವು ಒಮ್ಮೊಮ್ಮೆ ಧೂಳು ತಿನ್ನುತ್ತಾ ಬಿದ್ದಿರುತ್ತವೆ, ಕೇಳಿ ನೋಡಿ.

ಇನ್ನು ಕಂಪ್ಯೂಟರಿನ ವಿಷಯ. ಕಾರ್ಡಿನೊಂದಿಗೆ ಬರುವ ಸಿ.ಡಿ.ಯಲ್ಲಿನ ತಂತ್ರಾಂಶವನ್ನು ಬಳಸಬೇಡಿ, ಅದು ಇಳಿಸುವಾಗಲೇ ಚಿತ್ರವನ್ನು ಹಿಂಡಿಹಾಕುತ್ತದೆ. ವರ್ಚುವಲ್‌ಡಬ್2 ಎಂಬ ಕ್ಯಾಪ್ಚರ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪಾಲ್ ಆಯ್ಕೆ, 720x576 ಅಳತೆ, ಸೆಕೆಂಡಿಗೆ 25 ಫ್ರೇಮು, ಹಫ್‌ವೈಯುವಿ ಅಥವಾ ಲ್ಯಾಗರಿತ್ ಕೋಡೆಕ್ (ಕಡತವನ್ನು ಕುಗ್ಗಿಸುವ ವಿಧಾನ), 48 ಕಿಲೋಹರ್ಟ್ಸ್ ಧ್ವನಿ ಇಟ್ಟುಕೊಳ್ಳಿ. ಏನೂ ಹಿಂಡದಿದ್ದರೆ ಗಂಟೆಗೆ ಸುಮಾರು 75 ಜಿ.ಬಿ. ಬೇಕಾಗುತ್ತದೆ; ಈ ಕೋಡೆಕ್‌ಗಳಲ್ಲಿ ಏನನ್ನೂ ಕಳೆದುಕೊಳ್ಳದೆ ಅದರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಯು.ಎಸ್.ಬಿ. ಹಬ್ಬು ಬೇಡ, ಸಾಧನವನ್ನು ನೇರವಾಗಿ ಕಂಪ್ಯೂಟರಿಗೇ ಚುಚ್ಚಿ; ಧ್ವನಿಯನ್ನೂ ಅದೇ ಸಾಧನದ ಮೂಲಕ ಕೊಡಿ. ಬಿಟ್ಟುಹೋದ ಫ್ರೇಮುಗಳ ಸಂಖ್ಯೆ ಪರದೆಯಲ್ಲಿ ಕಾಣಿಸುತ್ತದೆ. ಅದು ಸೊನ್ನೆಯಲ್ಲೇ ನಿಂತಿದ್ದರೆ ಮಾತ್ರ ಕ್ಯಾಪ್ಚರ್ ಸರಿಯಾಗಿದೆಯೆಂದು ಅರ್ಥ.

ನಮ್ಮ ಕರಾವಳಿಯ ಮದುವೆ ಕ್ಯಾಸೆಟ್ಟುಗಳಲ್ಲಿ ಇನ್ನೊಂದು ವಿಶೇಷವುಂಟು. ಬಿಳಿ ಪಂಚೆ, ಬಿಳಿ ಶಾಲು, ಅದರ ಮೇಲೆ ವಿಡಿಯೋದವರ ಸಾವಿರ ವ್ಯಾಟಿನ ಹ್ಯಾಲೊಜನ್ ದೀಪ. ಕಾರ್ಡಿನ ಬ್ರೈಟ್‌ನೆಸ್ಸು, ಕಾಂಟ್ರಾಸ್ಟು ಕಾರ್ಖಾನೆಯಿಂದ ಬಂದಂತೆಯೇ ಇದ್ದರೆ ಬಿಳಿ ಭಾಗಗಳು ಸುಟ್ಟುಹೋಗಿ ಪಂಚೆಯ ನೆರಿಗೆಗಳೇ ಮಾಯವಾಗುತ್ತವೆ, ಮತ್ತು ಹಾಗೆ ಕತ್ತರಿಸಿಹೋದದ್ದನ್ನು ಆಮೇಲೆ ಯಾವ ತಂತ್ರಾಂಶವೂ ಮರಳಿ ತರಲಾರದು. ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ತೆರೆದು, ಧಾರೆಯ ದೃಶ್ಯದಂಥ ಅತ್ಯಂತ ಬೆಳ್ಳಗಿನ ಭಾಗವನ್ನು ಓಡಿಸಿ, ಗೆರೆ ಬಲತುದಿಗೆ ತಾಗದಂತೆ ಕಾಂಟ್ರಾಸ್ಟನ್ನು ಇಳಿಸಿಕೊಳ್ಳಿ. ಚಿತ್ರ ಸ್ವಲ್ಪ ಮಬ್ಬಾಗಿ ಕಂಡರೆ ಚಿಂತೆಯಿಲ್ಲ, ಅದನ್ನು ನಂತರ ಏರಿಸಬಹುದು. ಬಯಲಾಟದ ಕ್ಯಾಸೆಟ್ಟಿನಲ್ಲಿ ಇದೇ ಎಚ್ಚರಿಕೆ ಧ್ವನಿಗೂ ಬೇಕು. ಭಾಗವತರು ಮೆಲ್ಲಗೆ ಪದ ಎತ್ತುವಲ್ಲಿ ಮಟ್ಟ ಹೊಂದಿಸಿದರೆ ಚೆಂಡೆ ಏರಿದಾಗ ಒಡೆಯುತ್ತದೆ; ಯುದ್ಧದ ಸನ್ನಿವೇಶವೊಂದನ್ನು ಹುಡುಕಿ ಅಲ್ಲಿ ಹೊಂದಿಸಿ.

ಪ್ರಶ್ನೆ (ಅದೇ ಸದಸ್ಯರು): ಆಟದ ಕ್ಯಾಸೆಟ್ಟು ಒಂದೇ ಇದೆ, ಆದರೆ ಆಟ ಬೆಳಗಿನವರೆಗೆ ನಡೆದಿತ್ತು. ಉಳಿದದ್ದು ಕಳೆದುಹೋಗಿರಬಹುದೇ?

ಉತ್ತರ: ಎರಡು ಸಾಧ್ಯತೆಗಳಿವೆ. ಇ-180 ಕ್ಯಾಸೆಟ್ಟು ಸಾಮಾನ್ಯ ವೇಗದಲ್ಲಿ ಮೂರು ಗಂಟೆಯಷ್ಟನ್ನೇ ಹಿಡಿಯುತ್ತದೆ. ಆದ್ದರಿಂದ ಇಡೀ ರಾತ್ರಿಯ ಆಟಕ್ಕೆ ಮೂರು ನಾಲ್ಕು ಕ್ಯಾಸೆಟ್ಟು ಬೇಕಾಗುತ್ತಿತ್ತು, ಖರ್ಚು ಉಳಿಸಲು ಒಡ್ಡೋಲಗ ಮತ್ತು ಮುಖ್ಯ ಸನ್ನಿವೇಶಗಳನ್ನಷ್ಟೇ ಚಿತ್ರೀಕರಿಸುವವರೂ ಇದ್ದರು. ಕ್ಯಾಮೆರಾದ ಮೂಲ ಕ್ಯಾಸೆಟ್ಟುಗಳಿಂದ ಎಲ್.ಪಿ. ವೇಗದಲ್ಲಿ ಪ್ರತಿ ಮಾಡಿದ್ದರೆ ಮಾತ್ರ ಒಂದರಲ್ಲೇ ಆರು ಗಂಟೆ ಸಿಗಬಹುದು. ಎಲ್.ಪಿ.ಯಲ್ಲಿ ಟೇಪು ಅರ್ಧ ವೇಗದಲ್ಲಿ ಓಡುವುದರಿಂದ ಎಲ್ಲ ಪ್ಲೇಯರುಗಳೂ ಅದನ್ನು ಓದುವುದಿಲ್ಲ. ಧ್ವನಿ ಕಿರುಚಿದಂತೆ ಕೇಳಿಸಿದರೆ ಪ್ಲೇಯರ್ ಬದಲಿಸಿ.

ಪ್ರಶ್ನೆ (ಮಂಗಳೂರಿನ ಸದಸ್ಯರು): ನಮ್ಮ ಕ್ಯಾಸೆಟ್ಟುಗಳ ಕಿಟಕಿಯಲ್ಲಿ ನೋಡಿದರೆ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿಯ ಹುಡಿ ಕಾಣುತ್ತದೆ. ಒಮ್ಮೆ ಓಡಿಸಿದರೆ ತಾನಾಗಿ ಹೋದೀತೇ?

ಉತ್ತರ: ದಯವಿಟ್ಟು ಓಡಿಸಬೇಡಿ. ಅದು ಬೂಷ್ಟು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಊರಿನಲ್ಲಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಕಪಾಟಿನ ಚರ್ಮದ ಚಪ್ಪಲಿಯನ್ನೇ ಬಿಡದ ಅದು ಟೇಪನ್ನು ಬಿಟ್ಟೀತೆಂದು ನಿರೀಕ್ಷಿಸುವಂತಿಲ್ಲ. ಬೂಷ್ಟು ಹಿಡಿದ ಒಂದು ಕ್ಯಾಸೆಟ್ಟನ್ನು ಪ್ಲೇಯರಿಗೆ ಹಾಕಿದರೆ ಆ ಹುಡಿ ಹೆಡ್ಡಿಗೆ ಮೆತ್ತಿಕೊಂಡು ಚಿತ್ರವೇ ಮುಚ್ಚಿಹೋಗುತ್ತದೆ, ನಂತರ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅದು ಅಂಟುತ್ತದೆ. ಸುರುಳಿಯ ಪದರಗಳು ಪರಸ್ಪರ ಅಂಟಿಕೊಂಡಿದ್ದರೆ ಟೇಪು ಹರಿಯುವುದೂ ಉಂಟು.

ಮೊದಲ ಕೆಲಸ, ಅಂಥ ಕ್ಯಾಸೆಟ್ಟುಗಳನ್ನು ಉಳಿದವುಗಳಿಂದ ಬೇರ್ಪಡಿಸುವುದು. ಎರಡನೆಯದು, ಒಣಗಿಸುವುದು. ಆದರೆ ಹಪ್ಪಳದಂತೆ ಅಂಗಳದ ಬಿಸಿಲಿಗೆ ಹಾಕಬಾರದು, ಬಿಸಿಗೆ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ, ಟೇಪು ಸುಕ್ಕುಗಟ್ಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಧಾರಾಳ ಸಿಲಿಕಾ ಜೆಲ್ ಹಾಕಿ, ಅದು ಬಣ್ಣ ಬದಲಿಸಿದಾಗಲೆಲ್ಲ ಹೊಸದು ಹಾಕುತ್ತಾ ಕೆಲವು ವಾರ ಮುಚ್ಚಿಡಿ. ಬೂಷ್ಟು ಪೂರ್ತಿ ಒಣಗಿದರೆ ಹುಡಿಯಾಗಿ ಸುಲಭದಲ್ಲಿ ಉದುರುತ್ತದೆ. ಹಸಿಯಿದ್ದಾಗ ಒರೆಸಿದರೆ ಟೇಪಿನ ಮೈಗೆಲ್ಲ ಬಳಿದುಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಕೆಲಸವನ್ನು ಮಳೆಗಾಲದಲ್ಲಿ ಮುಟ್ಟಲೇಬಾರದು, ಜನವರಿ ಫೆಬ್ರವರಿಯೇ ಪ್ರಶಸ್ತ.

ಶುಚಿ ಮಾಡುವಾಗ ಮಾಸ್ಕ್ ಧರಿಸಿ, ಅಡುಗೆಮನೆಯಿಂದ ದೂರ ಕುಳಿತುಕೊಳ್ಳಿ. ಕ್ಯಾಸೆಟ್ಟಿನ ತಳದಲ್ಲಿರುವ ಐದು ಸ್ಕ್ರೂಗಳನ್ನು ಬಿಚ್ಚಿದರೆ ಚಿಪ್ಪು ಎರಡಾಗುತ್ತದೆ. ಒಳಗಿನ ಸ್ಪ್ರಿಂಗು, ರೋಲರುಗಳು ಇದ್ದ ಜಾಗವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡು, ಸುರುಳಿಗಳ ಅಂಚನ್ನು ಮೃದುವಾದ ಬ್ರಶ್ಶಿನಿಂದ ಒರೆಸಿ, ಶುಚಿಯಾದ ಇನ್ನೊಂದು ಚಿಪ್ಪಿಗೆ ವರ್ಗಾಯಿಸಿ. ಅನಂತರ ಬೇರೆ ಕೆಲಸಕ್ಕೆ ಬಾರದ ಹಳೆಯ ವಿ.ಸಿ.ಪಿ. (ವಿಡಿಯೋ ಕ್ಯಾಸೆಟ್ ಪ್ಲೇಯರ್) ಒಂದರಲ್ಲಿ ಅದನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಸುತ್ತಿಸುತ್ತಾ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಚೂರು ತೇವಗೊಳಿಸಿದ, ನೂಲು ಬಿಡದ ಬಟ್ಟೆಯ ನಡುವೆ ಟೇಪು ಹಾದುಹೋಗುವಂತೆ ಮಾಡಬೇಕು. ಬರಿಗೈಯಲ್ಲಿ ಟೇಪನ್ನು ಮುಟ್ಟಬೇಡಿ. ಈ ವಿ.ಸಿ.ಪಿ.ಯನ್ನು ಕ್ಯಾಪ್ಚರಿಗೆ ಬಳಸುವಂತಿಲ್ಲ, ಅದು ಒರೆಸುವುದಕ್ಕಷ್ಟೇ ಮೀಸಲು.

ಹೆಡ್ಡು ಶುಚಿ ಮಾಡುವ ವಿಧಾನವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅತಿ ಹೆಚ್ಚು ಪ್ಲೇಯರುಗಳು ಹಾಳಾಗುವುದು ಇಲ್ಲಿಯೇ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ಅದರ ನೂಲು ಹೆಡ್ಡಿನ ತುದಿಗೆ ಸಿಕ್ಕಿ ಅದನ್ನೇ ಕಿತ್ತುಕೊಂಡು ಬರುತ್ತದೆ. ಮೃದುವಾದ ಶಮಾಯ್ ಚರ್ಮವನ್ನು ಅದೇ ಆಲ್ಕೊಹಾಲಿನಲ್ಲಿ ತೋಯಿಸಿ ಡ್ರಮ್ಮಿಗೆ ಹಗುರವಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನು ತಿರುಗಿಸಿ. ಮೇಲೆ ಕೆಳಗೆ ಉಜ್ಜುವುದು ಯಾವ ಕಾರಣಕ್ಕೂ ಸಲ್ಲದು.

ಪ್ರಶ್ನೆ (ಕುಂದಾಪುರದ ಸದಸ್ಯರು): ಕ್ಯಾಪ್ಚರ್ ಕಾರ್ಡಿನ ಬದಲು ಎ.ವಿ.ಯನ್ನು ಎಚ್.ಡಿ.ಎಂ.ಐ.ಗೆ ಪರಿವರ್ತಿಸುವ ಸಣ್ಣ ಡಬ್ಬಿ ಬಳಸಿದರೆ 1080 ಗುಣಮಟ್ಟ ಸಿಗುತ್ತದೆಯೆಂದು ಅಂಗಡಿಯವರು ಹೇಳಿದರು. ನಿಜವೇ?

ಉತ್ತರ: ಡಬ್ಬಿಯ ಮೇಲೆ 1080 ಎಂದು ಬರೆದಿರುವುದು ನಿಜ. ವಿ.ಎಚ್.ಎಸ್. ಟೇಪಿನಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟು ವಿವರ ಮಾತ್ರ ಇರುತ್ತದೆ. ಇಲ್ಲದ್ದನ್ನು ಆ ಡಬ್ಬಿ ಹುಟ್ಟಿಸಲಾರದು. ಹುಟ್ಟಿಸದಿದ್ದರೆ ಹೋಗಲಿ, ಇರುವುದನ್ನೂ ಅದು ಕೆಡಿಸುತ್ತದೆ. ಪ್ರತಿ ಫ್ರೇಮಿನ ಎರಡು ಫೀಲ್ಡ್‌ಗಳು ಬೇರೆಬೇರೆ ಕ್ಷಣಗಳಲ್ಲಿ ಹಿಡಿದವು. ಅಗ್ಗದ ಡಬ್ಬಿಯು ಅವನ್ನು ಒರಟಾಗಿ ಬೆರೆಸಿ ಅಥವಾ ಒಂದನ್ನು ಎಸೆದು ದೊಡ್ಡದು ಮಾಡುತ್ತದೆ, ಅನೇಕ ಸಲ 4:3ರ ಚಿತ್ರವನ್ನು 16:9ಕ್ಕೆ ಎಳೆದು ಎಲ್ಲರನ್ನೂ ಕುಳ್ಳಗೆ ದಪ್ಪಗೆ ಮಾಡುತ್ತದೆ. ಫೀಲ್ಡ್‌ಗಳನ್ನು ಇದ್ದಂತೆಯೇ ಇಳಿಸಿಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಕ್ಯು.ಟಿ.ಜಿ.ಎಂ.ಸಿ. ಅಥವಾ ಬಿ.ಡಬ್ಲ್ಯೂ.ಡಿ.ಐ.ಎಫ್. ಎಂಬ ಫೀಲ್ಡ್ ಬಿಡಿಸುವ ಫಿಲ್ಟರ್ ಬಳಸಿ ಸೆಕೆಂಡಿಗೆ 50 ಫ್ರೇಮುಗಳಾಗಿ ಬಿಡಿಸಿದರೆ ಕುಣಿತದ ಗಿರಕಿ ಮೂಲದಷ್ಟೇ ನಯವಾಗಿ ಉಳಿಯುತ್ತದೆ. ತಳದಲ್ಲಿ ಕಾಣುವ ಹರಿದ ಗೆರೆ ಹೆಡ್ಡು ಬದಲಾಗುವ ಜಾಗ. ಹಳೆಯ ಟಿ.ವಿ.ಯ ಚೌಕಟ್ಟು ಅದನ್ನು ಮರೆಮಾಡುತ್ತಿತ್ತು. ನೀವು ಕಪ್ಪು ಪಟ್ಟಿಯಿಂದ ಮುಚ್ಚಬಹುದು.

ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ಸ್ಪಷ್ಟಗೊಳಿಸುವ ತಂತ್ರಾಂಶಗಳ ಬಗ್ಗೆಯೂ ಕೇಳುವವರಿದ್ದಾರೆ. ಅವು ಮಸುಕಾದ ಮುಖಕ್ಕೆ ಕಣ್ಣು ಮೂಗನ್ನು ತಾವೇ ಊಹಿಸಿ ಬರೆಯುತ್ತವೆ. ನಿಮ್ಮ ಅಜ್ಜಿಯ ಜಾಗದಲ್ಲಿ ಇನ್ಯಾರದೋ ಅಜ್ಜಿ ಕುಳಿತಿರುವುದನ್ನು ನೋಡಬೇಕಾಗುತ್ತದೆ. ಮೂಲ ಪ್ರತಿಯನ್ನು ಮುಟ್ಟದೆ ಬೇರೆ ಪ್ರತಿಯಲ್ಲಿ ಆಡಿಕೊಳ್ಳುವುದಾದರೆ ಅಡ್ಡಿಯಿಲ್ಲ.

ಪ್ರಶ್ನೆ (ಕಾಪುವಿನ ಸದಸ್ಯರು): 2003ರ ಮಿನಿ ಡಿ.ವಿ. ಕ್ಯಾಸೆಟ್ಟುಗಳಿಗೂ ಇದೇ ಕಾರ್ಡ್ ಸಾಕೇ?

ಉತ್ತರ: ಅವಕ್ಕೆ ಕಾರ್ಡೇ ಬೇಡ. ಮಿನಿ ಡಿ.ವಿ.ಯಲ್ಲಿರುವುದು ಆಗಲೇ ಡಿಜಿಟಲ್ ದತ್ತಾಂಶ. ಕ್ಯಾಮೆರಾದ ಫೈರ್‌ವೈರ್ ಕಿಂಡಿಯಿಂದ ವಿನ್‌ಡಿವಿಯಂಥ ತಂತ್ರಾಂಶದ ಮೂಲಕ ಗಂಟೆಗೆ ಸುಮಾರು 13 ಜಿ.ಬಿ.ಯಂತೆ ಅದನ್ನು ಇದ್ದ ಹಾಗೆಯೇ ನಕಲು ಮಾಡಿಕೊಳ್ಳಬೇಕು. ಹಳದಿ ಎ.ವಿ. ತಂತಿಯಲ್ಲಿ ಇಳಿಸಿದರೆ ಸುಮ್ಮನೆ ಗುಣಮಟ್ಟ ಕಳೆದುಕೊಳ್ಳುತ್ತೀರಿ. ಫೈರ್‌ವೈರನ್ನು ಯು.ಎಸ್.ಬಿ.ಗೆ ಜೋಡಿಸುವ ಅಗ್ಗದ ಅಡಾಪ್ಟರುಗಳಿಂದ ಈ ಕೆಲಸ ಆಗುವುದಿಲ್ಲ. ಫೈರ್‌ವೈರ್ ಇರುವ ಹಳೆಯ ಲ್ಯಾಪ್‌ಟಾಪ್, ಇಲ್ಲವೆ ಡೆಸ್ಕ್‌ಟಾಪಿಗೆ ಹಾಕುವ ಕಾರ್ಡ್ ಹುಡುಕಿ.

ಪ್ರಶ್ನೆ (ಮಂಗಳೂರಿನ ಇನ್ನೊಬ್ಬ ಸದಸ್ಯರು): ಚಿಕ್ಕಪ್ಪ ಅಮೆರಿಕದಿಂದಲೂ ಮಾವ ಸೌದಿಯಿಂದಲೂ ಕಳುಹಿಸಿದ ಕ್ಯಾಸೆಟ್ಟುಗಳು ನಮ್ಮ ಪ್ಲೇಯರಿನಲ್ಲಿ ಕಪ್ಪು ಬಿಳುಪಾಗಿ ಬರುತ್ತವೆ.

ಉತ್ತರ: ಅಮೆರಿಕದ್ದು ಎನ್.ಟಿ.ಎಸ್.ಸಿ., 525 ಗೆರೆಗಳ ಪದ್ಧತಿ. ನಮ್ಮ ಹಲವು ಪ್ಲೇಯರುಗಳು ಅದನ್ನು ಓದಿದರೂ ಪಾಲ್-60 ಎಂಬ ಮಿಶ್ರ ರೂಪದಲ್ಲಿ ಹೊರಗೆ ಕೊಡುತ್ತವೆ. ಕಾರ್ಡಿನ ಆಯ್ಕೆಯಲ್ಲಿ ಪಾಲ್-60 ಇದ್ದರೆ ಅದನ್ನು ಆರಿಸಿ, ಬಣ್ಣ ಬರುತ್ತದೆ. ನಿಜವಾದ ಎನ್.ಟಿ.ಎಸ್.ಸಿ. ಹೊರಗೆ ಕೊಡುವ ಪ್ಲೇಯರ್ ಸಿಕ್ಕರೆ ಇನ್ನೂ ಒಳ್ಳೆಯದು. ಕೊಲ್ಲಿಯ ಕ್ಯಾಸೆಟ್ಟುಗಳು ಹೆಚ್ಚಾಗಿ ಪಾಲ್ ಆಗಿರುತ್ತವೆ, ಆದರೆ ಸೌದಿ ಅರೇಬಿಯಾದಲ್ಲಿ ಆಗ ಸೆಕಾಂ ಎಂಬ ಬೇರೆ ಬಣ್ಣಪದ್ಧತಿಯ ಪ್ರಸಾರವಿದ್ದುದರಿಂದ ಅಲ್ಲಿಯ ಟಿ.ವಿ.ಯಿಂದ ಮುದ್ರಿಸಿಕೊಂಡವು ಪಾಲ್ ಪ್ಲೇಯರಿನಲ್ಲಿ ಬಣ್ಣ ಕಳೆದುಕೊಳ್ಳುತ್ತವೆ. ಅಂಥವಕ್ಕೆ ಮೀಸೆಕಾಂ ಎಂದು ನಮೂದಿಸಿದ ಪ್ಲೇಯರ್ ಬೇಕು. ಕೊಲ್ಲಿಯಿಂದ ಊರಿಗೆ ಬಂದ ಬಹುಪದ್ಧತಿಯ ವಿ.ಸಿ.ಆರ್.ಗಳು ನಮ್ಮ ಜಿಲ್ಲೆಯ ಮನೆಗಳಲ್ಲಿ ಕಡಿಮೆಯೇನಿಲ್ಲ, ನೆಂಟರಿಷ್ಟರಲ್ಲಿ ವಿಚಾರಿಸಿ.

ಪ್ರಶ್ನೆ (ಬ್ರಹ್ಮಾವರದ ಸದಸ್ಯರು): ಇಷ್ಟೆಲ್ಲ ನನ್ನಿಂದಾಗದು ಎನಿಸುತ್ತಿದೆ. ಸ್ಟುಡಿಯೋಗೆ ಕೊಡುವುದಾದರೆ ಏನು ಕೇಳಬೇಕು?

ಉತ್ತರ: ದರ ಕೇಳುವ ಮೊದಲು, ಯಾವ ರೂಪದಲ್ಲಿ ಕೊಡುತ್ತೀರಿ ಎಂದು ಕೇಳಿ. ಡಿ.ವಿ.ಡಿ. ಅಥವಾ ಪೆನ್‌ಡ್ರೈವಿನಲ್ಲಿ ಒಂದು ಎಂಪಿ4 ಎಂದಷ್ಟೇ ಉತ್ತರ ಬಂದರೆ, ಫೀಲ್ಡ್ ಬಿಡಿಸದ, ಹಿಂಡದ ಮೂಲ ಕಡತವೂ ಬೇಕೆಂದು ಹೇಳಿ ಹಾರ್ಡ್ ಡಿಸ್ಕನ್ನು ನೀವೇ ಕೊಂಡೊಯ್ಯಿರಿ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಏನು ಮಾಡುತ್ತೀರಿ ಎಂಬುದು ಎರಡನೆಯ ಪ್ರಶ್ನೆ. ಏನೂ ಆಗುವುದಿಲ್ಲ, ಹಾಕಿ ನೋಡುವಾ ಎಂದರೆ ಕ್ಯಾಸೆಟ್ಟನ್ನು ಹಿಂದಕ್ಕೆ ಪಡೆಯಿರಿ. ಕೊಡುವ ಮುನ್ನ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಹಲ್ಲನ್ನು ಮುರಿದುಬಿಡಿ, ಆಗ ಅದರ ಮೇಲೆ ಯಾರೂ ಅಕಸ್ಮಾತ್ತಾಗಿ ಮುದ್ರಿಸಲಾಗದು. ಮೂಲ ಕಡತವನ್ನು ಏನನ್ನೂ ಕಳೆದುಕೊಳ್ಳದ ಎಫ್.ಎಫ್.ವಿ.1 ರೂಪಕ್ಕೆ ಬದಲಿಸಿ ಎರಡು ಡಿಸ್ಕುಗಳಲ್ಲಿಟ್ಟು, ಒಂದನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿರಿಸಿ. ವಾಟ್ಸಾಪಿನಲ್ಲಿ ಹಂಚಲು ಎಚ್.264ರ ಸಣ್ಣ ಪ್ರತಿ ಸಾಕು. ಮದುವೆಯದನ್ನು ಯೂಟ್ಯೂಬಿಗೆ ಹಾಕುವುದಾದರೆ, ಅಂದಿನ ವಿಡಿಯೋದವರು ವಾಲಗವನ್ನು ಅಳಿಸಿ ತುಂಬಿದ ಸಿನಿಮಾ ಹಾಡುಗಳಿಗೆ ಹಕ್ಕುಸ್ವಾಮ್ಯದ ಆಕ್ಷೇಪ ಬರುವ ಸಂಭವವಿದೆ.

ಬಯಲಾಟದ ಕ್ಯಾಸೆಟ್ಟಿನ ವಿಷಯದಲ್ಲಿ ಇನ್ನೊಂದು ಮಾತು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿರುವ ಜನಪದ ರಂಗಕಲೆಗಳ ಕೇಂದ್ರ, ನಮ್ಮವರು ಆರ್.ಆರ್.ಸಿ. ಎನ್ನುವುದು, ಇಂಥ ಕಲೆಗಳ ದಾಖಲಾತಿಗಾಗಿಯೇ ಇರುವಂಥದ್ದು. ಕ್ಯಾಪ್ಚರ್ ಮುಗಿದ ಮೇಲೆ ಮೇಳದ ಹೆಸರು, ಪ್ರಸಂಗ, ಕಲಾವಿದರು, ಸ್ಥಳ, ದಿನಾಂಕ ಇವುಗಳಲ್ಲಿ ಮನೆಯ ಹಿರಿಯರಿಗೆ ನೆನಪಿರುವಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಅಲ್ಲಿ ವಿಚಾರಿಸಿ ನೋಡಬಹುದು. ಬರೆಸಿಕೊಳ್ಳುವುದನ್ನು ಮಾತ್ರ ಕ್ಯಾಪ್ಚರಿಗೆ ಕಾಯದೆ ಈಗಲೇ ಮಾಡಿ.