ವರ್ಚುವಲ್‌ಬಾಕ್ಸ್‌ನಲ್ಲಿ ಡಿಸ್ಕ್ 60 ಜಿಬಿ ಮಾಡಿದರೂ ಉಬುಂಟು ಒಳಗೆ 11 ಜಿಬಿಯೇ ಕಾಣ್ತಿದೆ

ಪ್ರಶ್ನೆ:
ವರ್ಚುವಲ್‌ಬಾಕ್ಸ್ ವಿಎಂ (ಕಂಪ್ಯೂಟರ್‌ನೊಳಗಿನ ವರ್ಚುವಲ್ ಕಂಪ್ಯೂಟರ್), ಅದರಲ್ಲಿ ಉಬುಂಟು ಸರ್ವರ್, ವಿಡಿಐ (ವರ್ಚುವಲ್ ಡಿಸ್ಕ್ ಫೈಲ್) ಡಿಸ್ಕ್. ಮೊದಲು 25 ಜಿಬಿ ಇತ್ತು, ವಿಎಂ ಆಫ್ ಮಾಡಿ ಮೀಡಿಯಾ ಮ್ಯಾನೇಜರ್‌ನಲ್ಲಿ 60ಕ್ಕೆ ಏರಿಸಿದೆ. ಜಾಗ ತೋರಿಸುವ ‘ಡಿಎಫ್ -ಎಚ್’ ಕೊಟ್ಟರೆ ರೂಟ್ (ಮುಖ್ಯ ಫೈಲ್‌ಸಿಸ್ಟಂ) ಇನ್ನೂ 11 ಜಿಬಿ, 100% ಭರ್ತಿ. ‘ಎಲ್‌ಎಸ್‌ಬಿಎಲ್‌ಕೆ’ಯಲ್ಲಿ ಎಸ್‌ಡಿಎ (ಇಡೀ ಡಿಸ್ಕ್) 60, ಎಸ್‌ಡಿಎ3 (ಅದರ ಮೂರನೇ ಪಾರ್ಟಿಷನ್) 23, ಅದರೊಳಗೆ ಉಬುಂಟು-ಎಲ್‌ವಿ (ರೂಟ್ ಇರುವ ಲಾಜಿಕಲ್ ವಾಲ್ಯೂಮ್) 11.5. ಅಲ್ಲ, 25 ಕೊಟ್ಟಾಗಲೂ 11 ಯಾಕೆ?

ಉತ್ತರ 1:
ಇನ್‌ಸ್ಟಾಲರ್ ಎಲ್‌ವಿಎಂ (ಡಿಸ್ಕ್ ಜಾಗವನ್ನು ಒಟ್ಟುಗೂಡಿಸಿ ಹಂಚುವ ವ್ಯವಸ್ಥೆ) ಹಾಕುವಾಗ ಈ ಗಾತ್ರದ ಡಿಸ್ಕ್‌ನಲ್ಲಿ ಅರ್ಧವನ್ನಷ್ಟೇ ರೂಟ್‌ಗೆ ಕೊಟ್ಟು, ಉಳಿದದ್ದನ್ನು ವಾಲ್ಯೂಮ್ ಗ್ರೂಪ್‌ನಲ್ಲಿ (ಆ ಒಟ್ಟು ಜಾಗದಲ್ಲಿ) ಖಾಲಿ ಬಿಡುತ್ತದೆ. ಖಾಲಿ ಬಿಟ್ಟ ಆ ಹನ್ನೊಂದೂವರೆ ಜಿಬಿ ಮೊದಲಿಂದಲೂ ನಿಮ್ಮ ಹತ್ತಿರವೇ ಇತ್ತು.

ನೀವು ದೊಡ್ಡದು ಮಾಡಿದ್ದು ಡಿಸ್ಕ್ ಮಾತ್ರ. ಒಳಗೆ ಇನ್ನೂ ನಾಲ್ಕು ಪದರ ಇವೆ: ಪಾರ್ಟಿಷನ್, ಫಿಸಿಕಲ್ ವಾಲ್ಯೂಮ್, ಲಾಜಿಕಲ್ ವಾಲ್ಯೂಮ್, ಫೈಲ್‌ಸಿಸ್ಟಂ. ಹೊರಗಿನಿಂದ ಒಳಕ್ಕೆ ಒಂದೊಂದಾಗಿ ಹಿಗ್ಗಿಸಿ:

ಸುಡೋ ಗ್ರೋಪಾರ್ಟ್ /ಡೆವ್/ಎಸ್‌ಡಿಎ 3
ಸುಡೋ ಪಿವಿರಿಸೈಜ್ /ಡೆವ್/ಎಸ್‌ಡಿಎ3
ಸುಡೋ ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +100%ಫ್ರೀ /ಡೆವ್/ಉಬುಂಟು-ವಿಜಿ/ಉಬುಂಟು-ಎಲ್‌ವಿ

ಮೊದಲ ಸಾಲಿನಲ್ಲಿ ಎಸ್‌ಡಿಎ ಆದಮೇಲೆ ಒಂದು ಸ್ಪೇಸ್ ಬಿಟ್ಟು 3. ಎರಡನೆಯದರಲ್ಲಿ ಸ್ಪೇಸ್ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಮೂರನೆಯದರಲ್ಲಿ ‘-ಎಲ್’ ಚಿಕ್ಕಕ್ಷರದ್ದು. ‘-ಆರ್’ ಇದ್ದರೆ ಫೈಲ್‌ಸಿಸ್ಟಂ ಕೂಡ ಜೊತೆಗೇ ಹಿಗ್ಗುತ್ತದೆ. ಎಕ್ಸ್ಟ್4 ಆದ್ದರಿಂದ ಅನ್‌ಮೌಂಟ್ ಬೇಡ, ರೀಬೂಟೂ ಬೇಡ.

ಕೇಳಿದವರು:
ಮೊದಲ ಸಾಲಿಗೇ ನಿಂತಿತು ಸರ್. ಟೆಂಪ್ ಡೈರೆಕ್ಟರಿ ಮಾಡೋಕಾಗಲ್ಲ, ಡಿವೈಸ್‌ನಲ್ಲಿ ಜಾಗ ಇಲ್ಲ ಅಂತಿದೆ.

ಉತ್ತರ 1:
ರೂಟ್ ಪೂರ್ತಿ ತುಂಬಿದೆಯಲ್ಲ, ಗ್ರೋಪಾರ್ಟ್‌ಗೆ ತಾತ್ಕಾಲಿಕ ಫೈಲ್‌ಗಳ /ಟಿಎಂಪಿಯಲ್ಲಿ ನಾಲ್ಕು ಕೆಬಿ ಬರೆಯಲೂ ಜಾಗವಿಲ್ಲ. ಸ್ವಲ್ಪ ಹೊತ್ತಿಗೆ ರ‍್ಯಾಮ್‌ನಿಂದ ಸಾಲ ತನ್ನಿ:

ಸುಡೋ ಮೌಂಟ್ -ಟಿ ಟಿಎಂಪಿಎಫ್‌ಎಸ್ -ಒ ಸೈಜ್=10ಎಂ ಟಿಎಂಪಿಎಫ್‌ಎಸ್ /ಟಿಎಂಪಿ

ಮೂರೂ ಸಾಲು ಮುಗಿದ ಮೇಲೆ /ಟಿಎಂಪಿಯನ್ನು ಅನ್‌ಮೌಂಟ್ ಮಾಡಿಬಿಡಿ. ಡೌನ್‌ಲೋಡ್ ಆದ ಪ್ಯಾಕೇಜ್ ಫೈಲ್‌ಗಳನ್ನು ಅಳಿಸುವ ‘ಸುಡೋ ಎಪಿಟಿ ಕ್ಲೀನ್’ ಕೊಟ್ಟರೂ ಕೆಲವೊಮ್ಮೆ ಸಾಕಾಗುತ್ತದೆ.

ಉತ್ತರ 2:
ಪಾರ್ಟಿಷನ್ ಟೇಬಲ್ ಮುಟ್ಟುವ ಮುಂಚೆ ಒಂದು ಸ್ನ್ಯಾಪ್‌ಶಾಟ್ (ವಿಎಂನ ಆ ಹೊತ್ತಿನ ಸ್ಥಿತಿಯ ಪ್ರತಿ) ಇರಲಿ, ಆದರೆ ಅದು ಡಿಸ್ಕ್ ಗಾತ್ರ ಏರಿಸಿದ ಮೇಲಿನದಾಗಿರಲಿ. ವಿಎಂವೇರ್‌ನಲ್ಲಂತೂ (ಇನ್ನೊಂದು ವಿಎಂ ಸಾಫ್ಟ್‌ವೇರ್) ಸ್ನ್ಯಾಪ್‌ಶಾಟ್ ಇದ್ದರೆ ಗಾತ್ರ ಏರಿಸಲು ಬಿಡುವುದೇ ಇಲ್ಲ. ರೂಟ್ ಎಕ್ಸ್ಟ್4 ಬದಲು ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂ ಆಗಿದ್ದರೆ ಬೇಕಾದಷ್ಟೇ ಹಿಗ್ಗಿಸಿ, ಅದನ್ನು ಮತ್ತೆ ಕುಗ್ಗಿಸಲು ಬರುವುದಿಲ್ಲ.

ಉತ್ತರ 3:
ಎಲ್‌ವಿಎಂ ಇಲ್ಲದ ಹಳೆ ಡೆಬಿಯನ್ ವಿಎಂಗಳಲ್ಲಿ ಬೇರೆಯೇ ತಲೆನೋವು. ಎಸ್‌ಡಿಎ1 ರೂಟ್, ಅದಕ್ಕೆ ಅಂಟಿಕೊಂಡೇ ಎಸ್‌ಡಿಎ2 ಎಕ್ಸ್‌ಟೆಂಡೆಡ್, ಅದರೊಳಗೆ ಎಸ್‌ಡಿಎ5 ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ). ಖಾಲಿ ಜಾಗ ಸ್ವಾಪ್‌ನ ಆಚೆ ಬೀಳುವುದರಿಂದ ಗ್ರೋಪಾರ್ಟ್ ‘ನೋಚೇಂಜ್’ ಅಂದು ಕೈಚೆಲ್ಲುತ್ತದೆ. ಸ್ವಾಪ್ ಆಫ್ ಮಾಡಿ, ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್‌ನಲ್ಲಿ ಮೌಂಟ್ ಆಗುವವುಗಳ ಪಟ್ಟಿ) ಅದರ ಸಾಲು ತೆಗೆದು, 5 ಮತ್ತು 2ನ್ನು ಅಳಿಸಿ, ಆಮೇಲೆ 1ನ್ನು ಹಿಗ್ಗಿಸಿ ‘ರಿಸೈಜ್2ಎಫ್‌ಎಸ್’ ಕೊಡಿ. ಸ್ವಾಪ್‌ಗೆ ಫೈಲ್ ಸಾಕು. ಇನಿಟ್‌ರಾಮ್‌ಎಫ್‌ಎಸ್‌ನ (ಬೂಟ್‌ನ ಶುರುವಿನಲ್ಲಿ ಬಳಸುವ ಪುಟ್ಟ ಫೈಲ್‌ಸಿಸ್ಟಂ) ‘ರೆಸ್ಯೂಮ್’ ಫೈಲ್‌ನಲ್ಲಿ ಹಳೆ ಸ್ವಾಪ್‌ನ ಯುಯುಐಡಿ (ಗುರುತಿನ ಸಂಖ್ಯೆ) ಉಳಿದರೆ ಪ್ರತಿ ಬೂಟ್‌ನಲ್ಲೂ ಇಲ್ಲದ ಡಿಸ್ಕ್‌ಗೆ ಕಾಯುತ್ತಾ ಕೂರುತ್ತದೆ. ಅಲ್ಲಿ ‘ರೆಸ್ಯೂಮ್=ನನ್’ ಬರೆದು ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಓಡಿಸಿ.

ಕೇಳಿದವರು:
ಟಿಎಂಪಿಎಫ್‌ಎಸ್ ಹಾಕಿದ ಮೇಲೆ ಮೂರೂ ಓಡಿದವು. ಈಗ ಉಬುಂಟು-ಎಲ್‌ವಿ 58 ಜಿಬಿ. ಧನ್ಯವಾದ.