ಗಣಿತೀಯ ಅರ್ಥಶಾಸ್ತ್ರ ಓದಲು ದೆಹಲಿಗೆ ಹೊರಟಿದ್ದೇನೆ: ಮೊದಲೇ ಏನು ಓದಿಕೊಳ್ಳಬೇಕು?

ಪ್ರಶ್ನೆ: ಮೈಸೂರಿನಲ್ಲಿ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದ ನನಗೆ ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಎಂ.ಎ. ತರಗತಿಯಲ್ಲಿ ಸೀಟು ಸಿಕ್ಕಿದೆ. ಲೆಕ್ಕ ಬಿಡಿಸುವುದಕ್ಕೆ ಹೆದರಿಕೆಯಿಲ್ಲ. ಆದರೆ ಮುಂದಿನ ಓದಿನಲ್ಲಿ ‘ಕಂಡುಹಿಡಿಯಿರಿ’ ಎನ್ನುವುದಕ್ಕಿಂತ ‘ಸಾಧಿಸಿ’ ಎನ್ನುವುದೇ ಹೆಚ್ಚಂತೆ. ತರಗತಿಗೆ ಆರು ವಾರ ಇವೆ. ಅಲ್ಲಿ ಓದಿ ಬಂದ ಹಿರಿಯರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ: ಅಭಿನಂದನೆಗಳು. ನಾನೂ ನಿಮ್ಮಂತೆಯೇ ಅವಕಲನ, ಮಾತೃಕೆಗಳನ್ನು ಬಾಯಿಪಾಠದಷ್ಟು ಚೆನ್ನಾಗಿ ಕಲಿತು ಹೋಗಿ, ಮೊದಲ ಸೆಮಿಸ್ಟರಿನಲ್ಲೇ ಎಡವಿದವನು. ನನಗೆ ಬಾರದಿದ್ದದ್ದು ಲೆಕ್ಕವಲ್ಲ, ಲೆಕ್ಕಕ್ಕೆ ಮುಂಚಿನ ಪ್ರಶ್ನೆ: ಗರಿಷ್ಠ ಎಂಬುದೊಂದು ಇದೆಯೇ? ಬೆಲೆಗಳೆಲ್ಲವೂ ಸೊನ್ನೆಗಿಂತ ಹೆಚ್ಚಿದ್ದರೆ, ಕೊಳ್ಳುವವನ ಕೈಗೆಟುಕುವ ಸರಕುಗಳ ಗಣ ಮುಚ್ಚಿದ್ದೂ (ಅಂಚಿನ ಬಿಂದುಗಳೂ ಅದರಲ್ಲೇ ಸೇರಿರುವಂಥದ್ದು) ಮಿತಿಯುಳ್ಳದ್ದೂ ಆಗಿರುತ್ತದೆ. ತುಷ್ಟಿಗುಣದ ಫಲನ (ಸರಕುಗಳಿಂದ ಸಿಗುವ ತೃಪ್ತಿಯ ಅಳತೆ) ಅವಿಚ್ಛಿನ್ನವಾಗಿದ್ದರೆ, ಅಂದರೆ ಎಲ್ಲೂ ಹಠಾತ್ತನೆ ಜಿಗಿಯದಿದ್ದರೆ, ಅದು ಆ ಗಣದೊಳಗೇ ಗರಿಷ್ಠವನ್ನು ಮುಟ್ಟುತ್ತದೆ ಎಂದು ವೈಯರ್‌ಸ್ಟ್ರಾಸ್ ಪ್ರಮೇಯ ಹೇಳುತ್ತದೆ. ಒಂದೇ ಒಂದು ಬೆಲೆ ಸೊನ್ನೆಗಿಳಿದರೆ ಆ ಸರಕನ್ನು ಎಷ್ಟು ಬೇಕಾದರೂ ಹೊತ್ತೊಯ್ಯಬಹುದಾದ್ದರಿಂದ ಗಣದ ಮಿತಿ ಕಳಚಿಹೋಗುತ್ತದೆ, ಗರಿಷ್ಠ ಇದ್ದೇ ಇದೆ ಎನ್ನುವ ಭರವಸೆಯೂ ಹೋಗುತ್ತದೆ. ಆರು ವಾರಗಳಲ್ಲಿ ತೆರೆದ ಗಣ, ಮುಚ್ಚಿದ ಗಣ, ಶ್ರೇಣಿಗಳ ಮಿತಿ, ಇಷ್ಟನ್ನೇ ಓದಿ. ಆದರೆ ದಿನಕ್ಕೊಂದು ಸಾಧನೆಯನ್ನು ಪುಸ್ತಕ ಮುಚ್ಚಿ ನೀವೇ ಬರೆಯಿರಿ. ಓದಿದಾಗ ಅರ್ಥವಾದದ್ದು ಬರೆಯುವಾಗ ಎಲ್ಲಿ ಕೈಕೊಡುತ್ತದೆ ಎಂಬುದು ಆಗ ತಿಳಿಯುತ್ತದೆ.

ಎರಡನೆಯ ಉತ್ತರ: ಮೇಲಿನವರ ಮಾತು ಸರಿ, ಆದರೆ ನನ್ನ ಕಷ್ಟ ತದ್ವಿರುದ್ಧವಾಗಿತ್ತು. ಗಣಿತದಲ್ಲೇ ಎಂ.ಎಸ್ಸಿ. ಮಾಡಿ ಈ ಕಡೆಗೆ ಬಂದ ನನಗೆ ಸಾಧನೆಗಳು ಸಲೀಸು, ಅವುಗಳ ಅರ್ಥವೇ ಕೈಗೆ ಸಿಗುತ್ತಿರಲಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಎರಡು ಬಗೆಯ ಅಕ್ಕಿ, ಕಿಲೋಗೆ 40 ಮತ್ತು 50 ರೂಪಾಯಿ. ಉಣ್ಣುವವನಿಗೆ ಎರಡೂ ಒಂದೇ. ಹಣದ ಮಿತಿಯೊಳಗೆ ಗರಿಷ್ಠವನ್ನು ಹುಡುಕುವ ಲಗ್ರಾಂಜ್ ಸಮೀಕರಣಗಳನ್ನು ಕಣ್ಣುಮುಚ್ಚಿ ಬರೆದರೆ, ಆ ಮಿತಿಗೆ ಜೋಡಿಸುವ ಸಂಖ್ಯೆಯಾದ ಗುಣಕವು ಒಮ್ಮೆಗೇ 1/40 ಕೂಡ, 1/50 ಕೂಡ ಆಗಬೇಕಾಗುತ್ತದೆ, ಅದು ಅಸಾಧ್ಯ. ಅವನು ಅಗ್ಗದ ಅಕ್ಕಿಯನ್ನಷ್ಟೇ ಕೊಳ್ಳುತ್ತಾನೆಂದು ಯಾವ ಅಂಗಡಿಯವರಾದರೂ ಹೇಳಿಯಾರು! ಒಂದು ಸರಕಿನ ಪ್ರಮಾಣ ಸೊನ್ನೆಯಾಗುವ ಇಂಥ ಸಂದರ್ಭಕ್ಕೆಂದೇ ಕುನ್–ಟಕ್ಕರ್ ನಿಬಂಧನೆಗಳು (1951) ಇರುವುದು. ಅಲ್ಲಿ ಗುಣಕ 1/40, ಅಂದರೆ ಕೈಯಲ್ಲಿ ಇನ್ನೊಂದು ರೂಪಾಯಿ ಇದ್ದಿದ್ದರೆ ಸಿಗುತ್ತಿದ್ದ ಅಕ್ಕಿ. ಪ್ರತಿ ಉತ್ತರದ ಕೆಳಗೆ ಹೀಗೆ ಒಂದು ವಾಕ್ಯವನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಾ ಹೋದ ಮೇಲೆಯೇ ನನಗೆ ಅರ್ಥಶಾಸ್ತ್ರ ಒಲಿದದ್ದು.

ಮೂರನೆಯ ಉತ್ತರ: ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ನೂರಕ್ಕೂ ಹೆಚ್ಚು ಮಂದಿ ಕೂರುವ ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಸಂದೇಹ ಕೇಳುವ ಧೈರ್ಯ ಮೊದಲ ಎರಡು ತಿಂಗಳು ಬರಲಿಲ್ಲ. ನನ್ನನ್ನು ಉಳಿಸಿದ್ದು ಹಾಸ್ಟೆಲಿನ ನಾಲ್ಕು ಜನರ ಓದುಗುಂಪು: ವಾರದ ಸಮಸ್ಯೆಗಳನ್ನು ಒಬ್ಬೊಬ್ಬರೇ ಬಿಡಿಸಿ, ಭಾನುವಾರ ಒಬ್ಬರಿಗೊಬ್ಬರು ವಿವರಿಸುತ್ತಿದ್ದೆವು. ಇನ್ನೊಬ್ಬರ ಬಿಡಿಸಿದ ಹಾಳೆಯನ್ನು ಮೊದಲೇ ನೋಡಿಬಿಟ್ಟ ವಾರಗಳಲ್ಲಿ ನಾನು ಏನನ್ನೂ ಕಲಿಯಲಿಲ್ಲ. ಹಾಗೆಯೇ, ಪರಕೀಯ ಜಾಗವೆಂದು ಅಳುಕಬೇಡಿ. 1949ರಲ್ಲಿ ಆ ಸಂಸ್ಥೆಯನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್ ಅವರೇ ಮುಂದೆ ಬಳ್ಳಾರಿಯ ಸಂಸದರಾದರು, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ) ಸ್ಥಾಪಿಸಿದರು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಅಕ್ಕಿಯ ಲೆಕ್ಕವನ್ನು ಈಗಷ್ಟೇ ಬಿಡಿಸಿದೆ. ಎರಡೂ ಬೆಲೆ 40 ಆದರೆ ಉತ್ತರ ಒಂದೇ ಬಿಂದುವಾಗಿ ಉಳಿಯುವುದಿಲ್ಲ, ಇಡೀ ಆಯವ್ಯಯ ರೇಖೆಯೇ (ಕೈಯಲ್ಲಿರುವ ಹಣವನ್ನೆಲ್ಲ ಖರ್ಚು ಮಾಡಿ ಕೊಳ್ಳಬಹುದಾದ ಜೋಡಿಗಳೆಲ್ಲ) ಉತ್ತರವಾಗುತ್ತದೆ, ಸರಿಯೇ?

ಎರಡನೆಯವರು: ಸರಿ. ಈಗ ಅದನ್ನು ಸಾಧಿಸಿ.