ಮೇಜಿನ ಮೇಲಿನ ಬಂಡಿ ದಾರಿ ರಿಬ್ಬನ್ ಹಾಸಿದ ಹಾಗೆ ಕಾಣುತ್ತಿದೆ, ಏನು ಮಾಡಲಿ?

ಬತೇರಿ_ದಾವಣಗೆರೆ:
1779ರಲ್ಲಿ ಹೈದರಾಲಿ ಚಿತ್ರದುರ್ಗಕ್ಕೆ ಹಾಕಿದ ಮುತ್ತಿಗೆಯನ್ನು ಆರಡಿ-ನಾಲ್ಕಡಿ ಮೇಜಿನ ಮೇಲೆ ಆಡಲು ತಯಾರಿ ಮಾಡುತ್ತಿದ್ದೇನೆ. 28 ಮಿ.ಮೀ. ಎತ್ತರದ ಸೈನಿಕ ಗೊಂಬೆಗಳು. ಬಂಡೆ, ಬತೇರಿ ಎಲ್ಲಾ ಚೆನ್ನಾಗಿ ಬಂದವು, ದಾರಿಯಲ್ಲೇ ಸೋತೆ. 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಟ್ಟಿಗೆ ನೀರು ಬೆರೆಸಿದ ಗೋಂದು ಬಳಿದು ಮರಳು ಉದುರಿಸಿದ್ದೆ. ಬೆಳಗ್ಗೆ ನೋಡಿದರೆ ಹಪ್ಪಳದ ಹಾಗೆ ತುದಿ ಎದ್ದಿತ್ತು. ಭಾರ ಇಟ್ಟು ಸರಿ ಮಾಡಿದೆ. ಆದರೂ ನೆಲದ ಮೇಲೆ ಕಂದು ರಿಬ್ಬನ್ ಬಿದ್ದ ಹಾಗಿದೆ. ಮನೆಯವಳು "ಇದೇನ್ರೀ, ಚಾಕಲೇಟಾ?" ಅಂದಳು.

ಸಣ್ಣಕುಂಚ:
ಒಂದೇ ಕಡೆ ಒದ್ದೆ ಮಾಡಿದ್ದೀರಿ, ಅದಕ್ಕೇ ಎದ್ದಿದೆ. ಎರಡೂ ಕಡೆ ಬಳಿಯಿರಿ.

ಹಳೇಬಂಡಿ_ದುರ್ಗ:
ಎಂಡಿಎಫ್ ಬಿಟ್ಟುಬಿಡಿ ಸರ್. ಯಾರದೋ ಹುಟ್ಟುಹಬ್ಬ ಮುಗಿದ ಮೇಲೆ ಫ್ಲೆಕ್ಸ್ ಉಳಿದಿರುತ್ತದಲ್ಲ, ಅದನ್ನು ಕತ್ತರಿಸಿ. ಉಬ್ಬು ತಗ್ಗಿನ ಮೇಲೂ ಮಲಗುತ್ತದೆ. ಅಂಚು ನೇರ ಬೇಡ, ಇಲಿ ಕಡಿದ ಹಾಗಿರಲಿ. ಹಿಂಬದಿಯನ್ನು ಮರಳು ಕಾಗದದಿಂದ ಉಜ್ಜಿ, ಬಿರುಕು ತುಂಬುವ ಅಕ್ರಿಲಿಕ್ ಸೀಲೆಂಟ್‌ಗೆ ಜರಡಿ ಹಿಡಿದ ಮಣ್ಣು ಕಲಸಿ ಸವರಿ. ಸಿಲಿಕೋನ್ ತರಬೇಡಿ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಇನ್ನು ಚಕ್ರದ ಜಾಡು. ನಮ್ಮ ಹಿತ್ತಲಲ್ಲಿ ಬಿದ್ದಿರುವ ಬಂಡಿಗೆ ಈಗ ಟೇಪ್ ಹಿಡಿದು ಬಂದೆ. ಚಕ್ರದಿಂದ ಚಕ್ರಕ್ಕೆ ನಾಲ್ಕೂವರೆ ಅಡಿ. ನಿಮ್ಮ ಗೊಂಬೆಯ ಅಳತೆ ನಿಜದ ಹೆಚ್ಚುಕಮ್ಮಿ 56ರಲ್ಲಿ ಒಂದು ಪಾಲು, ಅಂದರೆ ಜಾಡುಗಳ ನಡುವೆ 24-25 ಮಿ.ಮೀ. ಸೀಲೆಂಟ್ ಹಸಿ ಇರುವಾಗಲೇ ಪೆನ್ನಿನ ಕ್ಯಾಪಿನಿಂದ ಎಳೆಯಿರಿ. ಮೂಕಿ, ಅಂದರೆ ಬಂಡಿಯಿಂದ ನೊಗಕ್ಕೆ ಹೋಗುವ ಉದ್ದ ಮರ, ನಡುವೆ ಇರುತ್ತದೆ, ಎತ್ತುಗಳು ಅದರ ಆಚೆ ಈಚೆ ನಡೆಯುತ್ತವೆ. ಅದಕ್ಕೇ ನಟ್ಟನಡುವೆ ಗರಿಕೆ ಉಳಿಯುವುದು. ಒಂಟಿ ಕುದುರೆಯ ಗಾಡಿಯಾದರೆ ನಡುವೆಯೂ ಸವೆಯಬೇಕು. ಇಷ್ಟು ಸಣ್ಣದನ್ನು ಯಾರು ನೋಡುತ್ತಾರೆ ಅನ್ನಬೇಡಿ, ನಾನು ನೋಡುತ್ತೇನೆ.

ನಿಮ್ಮ ದಾರಿ ರಿಬ್ಬನ್ ಆಗಿರುವುದು ಬಣ್ಣದಲ್ಲಿ. ಅಂಥ ದಾರಿಗೆ ಯಾರೂ ಬೇರೆ ಮಣ್ಣು ತಂದು ಸುರಿದಿಲ್ಲ, ಪಕ್ಕದ ಹೊಲದ್ದೇ ತುಳಿದು ತುಳಿದು ಆದದ್ದು. ನೆಲದ ಬಣ್ಣವನ್ನೇ ದಾರಿಗೂ ಬಳಿಯಿರಿ. ಒಣಗಿದ ಮೇಲೆ ಅದಕ್ಕೇ ಸ್ವಲ್ಪ ಬಿಳಿ ಸೇರಿಸಿ, ಬ್ರಷ್ ಒರೆಸಿಕೊಂಡು ಮೇಲೆ ಮೇಲೆ ಸವರಿ. ಜಾಡಿನ ಒಳಗೆ ಮಾತ್ರ ಗಾಢವಾಗಿರಲಿ. ಅಂದಹಾಗೆ, ನೀವು ಎರೆ ಮಣ್ಣಿನ ಬಣ್ಣ ಹಚ್ಚಿಲ್ಲ ತಾನೇ?

ಬತೇರಿ_ದಾವಣಗೆರೆ:
ಸಿಕ್ಕಿಬಿದ್ದೆ! ನಮ್ಮ ಹೊಲದ ಮಣ್ಣು ನೋಡಿಕೊಂಡೇ ಕಲಸಿದ್ದೆ. ಕೆಂಪು ಹಾಕುತ್ತೇನೆ. ಕೋಟೆ ಬಾಗಿಲಿನವರೆಗೂ ಜಾಡು ಬೇಕಾ?

ಹಳೇಬಂಡಿ_ದುರ್ಗ:
ಬಾಗಿಲ ಹತ್ತಿರ ಕಲ್ಲುಹಾಸು ಮಾಡಿ. ದಾರಿ ಸೊಟ್ಟಗೆ ತಿರುಗಲಿ. ನೇರ ಇದ್ದರೆ ಆನೆ ಓಡಿ ಬಂದು ಬಾಗಿಲಿಗೆ ಗುದ್ದುತ್ತಿತ್ತು, ಅದಕ್ಕೇ ಅಲ್ಲಿ ಅಷ್ಟು ತಿರುವು.

ಬತೇರಿ_ದಾವಣಗೆರೆ:
ಫ್ಲೆಕ್ಸ್ ಸಿಕ್ಕಿತು. ನಮ್ಮ ಬೀದಿಯ ಲೀಡರೊಬ್ಬರ ಮುಖ ಇದೆ, ಮೀಸೆ ಸರಿಯಾಗಿ ತಿರುವಿಗೆ ಬರುತ್ತದೆ. ಕೆಳಮುಖ ಮಾಡಿ ಅಂಟಿಸುತ್ತೇನೆ.